ಹೊಸ ಮೌಸ್ ತರೋ ಮುಂಚೆ ಇಷ್ಟು ನೋಡಿ

ನಮ್ಮ ಕಡೆ ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಟಿ.ವಿ., ಪ್ರಿಂಟರ್, ಮೊಬೈಲ್ ಎಲ್ಲಾ ರಿಪೇರಿ ಮಾಡೋನು ಅಂತಲೇ ಲೆಕ್ಕ. ನನ್ನೂರು ಶಹಾಬಾದ್, ಕೆಲಸ ಬೆಂಗಳೂರಿನಲ್ಲಿ. ಊರ ಕಡೆಯಿಂದ ಬರೋ ಫೋನ್‌ಗಳಲ್ಲಿ ಈಚೆಗೆ ಜಾಸ್ತಿ ಕೇಳಿದ ದೂರು ಒಂದೇ: ‘ವೈರ್‌ಲೆಸ್ ಮೌಸ್ ನಡುನಡುವೆ ನಿಂತುಬಿಡ್ತದ.’

ಸೇಡಂನಲ್ಲಿ ಆನ್‌ಲೈನ್ ಸೆಂಟರ್ ನಡೆಸೋ ನನ್ನ ಕಾಕಾನ ಮಗನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಪಹಣಿ, ಸ್ಕಾಲರ್‌ಶಿಪ್, ಪರೀಕ್ಷೆ ಅರ್ಜಿ ಅಂತ ಕೊನೇ ದಿನ ಬಾಗಿಲಾಚೆವರೆಗೂ ಜನ ನಿಂತಿರ್ತಾರೆ. ಅಂಥ ಹೊತ್ತಲ್ಲೇ ಮೌಸ್ ಅಲ್ಲಾಡಲ್ಲ.

‘ಅಣ್ಣಾ, ಎರಡು ಮೌಸ್ ಬದಲಿಸೀನಿ. ಮೂರನೇದ್ದು ತರ್ಲೇನು?’

‘ತರಬ್ಯಾಡ. ರಿಸೀವರ್ ಎಲ್ಲಿ ಹಾಕೀದಿ, ಅದು ಹೇಳು ಮೊದಲ.’

ಎರಡು ಮೌಸ್ ಒಂದೇ ಥರ ಕೈಕೊಟ್ಟರೆ ಅನುಮಾನ ಮೌಸ್ ಮೇಲಲ್ಲ, ಜಾಗದ ಮೇಲೆ ಬರಬೇಕು. ಅವನ ರಿಸೀವರ್ ಇದ್ದದ್ದು ಸಿಪಿಯು ಹಿಂಬದಿಯ ನೀಲಿ ಪೋರ್ಟ್‌ನಲ್ಲಿ, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಪಕ್ಕ. ನೀಲಿ ಅಂದ್ರೆ ಸಾಮಾನ್ಯವಾಗಿ ಯುಎಸ್‌ಬಿ 3.0. ಅದರಲ್ಲಿ ಡೇಟಾ ಓಡುವಾಗ ಹೊರಡುವ ರೇಡಿಯೋ ಗದ್ದಲ, ವೈರ್‌ಲೆಸ್ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳ ಮೇಲೇ ಬೀಳುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ವರದಿ ಪ್ರಕಟಿಸಿದೆ. ಜಾತ್ರೆಯ ಮೈಕಿನ ಪಕ್ಕ ನಿಂತು ಪಿಸುಮಾತು ಕೇಳಿಸಿಕೊಂಡಂಗೆ! ಸಾಲದ್ದಕ್ಕೆ ನಡುವೆ ಸಿಪಿಯುನ ಕಬ್ಬಿಣದ ಡಬ್ಬಿ ಬೇರೆ.

ಒಂದು ಮೀಟರ್ ಉದ್ದದ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ತಂದು, ರಿಸೀವರನ್ನು ಟೇಬಲ್ ಮೇಲೆ ಮೌಸ್ ಹತ್ತಿರ ಇಡಿಸಿದೆ. ಹಳೇ ಮೌಸೇ ಸುಮ್ಮನೆ ಕೆಲಸ ಮಾಡತೊಡಗಿತು.

ವಾಡಿಯಲ್ಲಿ ಮನೆಯಿಂದಲೇ ಕೆಲಸ ಮಾಡೋ ಗೆಳೆಯನದ್ದು ಬ್ಲೂಟೂತ್ ಮೌಸ್. ರಿಸೀವರ್ ಗೋಜಿಲ್ಲ. ಆದರೆ ದೊಡ್ಡ ಫೈಲ್ ಡೌನ್‌ಲೋಡ್ ಆಗುವಾಗಲೇ ಮೌಸ್ ತಡವರಿಸುತ್ತಿತ್ತು. ಬ್ಲೂಟೂತ್ ಕೂಡ 2.4 ಗಿಗಾಹರ್ಟ್ಸ್‌ನಲ್ಲೇ ಓಡೋದು. ಖಾಲಿ ಇರೋ ಚಾನೆಲ್ ಹುಡುಕಿ ಜಿಗಿಯುವ ಜಾಣತನ ಅದಕ್ಕಿದೆ, ಆದರೆ ಅದೇ ಪಟ್ಟಿಯಲ್ಲಿ ವೈಫೈ ಜೋರಾಗಿ ನಡೆದಿದ್ದರೆ ಇಕ್ಕಟ್ಟು. ಲ್ಯಾಪ್‌ಟಾಪನ್ನು ರೂಟರಿನ 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿದ, ರೂಟರನ್ನು ಟೇಬಲ್‌ನಿಂದ ಎತ್ತಿ ಗೋಡೆಗೆ ಹಾಕಿದ. ಕಾಟ ತಪ್ಪಿತು.

ಚಿಂಚೋಳಿಯಲ್ಲಿ ಟೀಚರ್ ಆಗಿರೋ ನಮ್ಮ ವೈನಿಯ ತೊಂದರೆಯೇ ಬೇರೆ. ‘ಎರಡು ನಿಮಿಷ ಮುಟ್ಟಲಿಲ್ಲಂದ್ರ ಸತ್ತೇ ಹೋಗ್ತದ ನೋಡು’ ಅಂದ್ರು. ಹೊಸ ಸೆಲ್ ಹಾಕಿಸಿದೆ, ಆದರೂ ಅದೇ ಹಾಡು. ಅಂದರೆ ಕರೆಂಟ್ ಉಳಿಸೋಕೆ ವಿಂಡೋಸ್ ಯುಎಸ್‌ಬಿಯನ್ನೇ ಮಲಗಿಸುತ್ತಿರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಡಿವೈಸ್ ಆಫ್ ಮಾಡಲು ಅನುಮತಿ ಕೊಡುವ ಟಿಕ್ ತೆಗೆಸಿದೆ. ಪ್ರಶ್ನೆಪತ್ರಿಕೆ ಅವತ್ತೇ ಮುಗೀತು.

ಇನ್ನು ಚಿತ್ತಾಪುರದ ಕ್ಲಾಸ್‌ಮೇಟ್. ಅವನ ಮೌಸ್ ಕನೆಕ್ಷನ್ ಕಳಕೊಂಡೇ ಇರಲಿಲ್ಲ! ಕ್ಲಿಕ್ ಆಗ್ತಿತ್ತು, ಬಾಣದ ಗುರುತು ಮಾತ್ರ ಓಡ್ತಿರಲಿಲ್ಲ. ಕಂಪ್ಯೂಟರ್ ಇಟ್ಟಿದ್ದು ಕನ್ನಡಿಯಂಗೆ ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಕಟ್ಟೆ ಮೇಲೆ. ಮೌಸ್ ಅಡಿಯ ಸೆನ್ಸರ್ ಕೆಳಗಿನ ಮೇಲ್ಮೈಯ ಚಿತ್ರ ತೆಗೆಯುತ್ತಾ ಹೋಗಿ, ಗುರುತುಗಳು ಸರಿದದ್ದನ್ನು ನೋಡಿ ದಾರಿ ಹಿಡಿಯುತ್ತದೆ. ತೀರಾ ನುಣುಪು, ಹೊಳಪು ಇದ್ದರೆ ಅದಕ್ಕೆ ಗುರುತೇ ಸಿಗಲ್ಲ. ಹಳೇ ನೋಟ್‌ಬುಕ್ಕಿನ ರಟ್ಟು ಹಾಸಿದ ಮೇಲೆ ಸರಿಹೋಯ್ತು. ನಮ್ಮೂರ ಕಲ್ಲಿನ ತಪ್ಪೇನಿಲ್ಲ ಬಿಡಿ!

ನಾಲ್ಕು ಊರು, ನಾಲ್ಕು ಕಾರಣ. ಒಂದರಲ್ಲೂ ಮೌಸ್ ಕೆಟ್ಟಿರಲಿಲ್ಲ. ಹಂಗಾಗಿ ಮೊದಲು ಸೆಲ್, ಆಮೇಲೆ ರಿಸೀವರ್ ಜಾಗ, ಆಮೇಲೆ ವೈಫೈ, ಕೊನೆಗೆ ಸೆಟ್ಟಿಂಗ್ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲಾ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯ್ತು ಅನ್ನೋದೇ ತಿಳಿಯಲ್ಲ, ಮುಂದಿನ ಸಲ ಮತ್ತೆ ಮೊದಲಿಂದ ಶುರು.

ಇಷ್ಟಾದರೂ ಸರಿಹೋಗದಿದ್ದರೆ ಅದೇ ಮೌಸನ್ನು ಬೇರೆ ಕಂಪ್ಯೂಟರಿಗೆ ಹಾಕಿ. ಅಲ್ಲೂ ನಿಂತರೆ ಮಾತ್ರ ಬಿಲ್ ಹುಡುಕಿ, ವಾರಂಟಿ ಇದೆಯಾ ನೋಡಿ.

ಮತ್ತೊಂದು ಮಾತು. ಸೇಡಂನ ತಮ್ಮನಂತೆ ಎದುರಿಗೆ ಜನ ಕಾಯ್ತಾ ಇರೋ ಕೆಲಸ ನಿಮ್ಮದಾದರೆ, ಒಂದು ವೈರ್ ಇರೋ ಮೌಸ್ ಡ್ರಾಯರಿನಲ್ಲಿರಲಿ. ಅರ್ಜಿಯ ಕೊನೇ ದಿನ ಯಾರಿಗೂ ಕಾಯೋದಿಲ್ಲ.