ತೊಟ್ಟು ಎಸೆಯುವ ಅಂಗಿ

ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್‌ನಲ್ಲಿರುವ ತಂಗಿಯ ಮನೆಗೆ ಹೋದಾಗ, ಹುಟ್ಟುಹಬ್ಬದ ತಟ್ಟೆ, ಲೋಟ, ಮೇಜಿನ ಹಾಸು ಎಲ್ಲವೂ ಕಾಗದದ್ದೇ. ಅಮೆರಿಕದಲ್ಲಿ ಒಂದು ಕಾಲಕ್ಕೆ ಉಡುಪೂ ಹಾಗೇ ಬಂದಿತ್ತು. 1966ರಲ್ಲಿ ಸ್ಕಾಟ್ ಪೇಪರ್ ಕಂಪನಿ ತನ್ನ ಸರಕಿನ ಪ್ರಚಾರಕ್ಕೆಂದು ಒಂದೂಕಾಲು ಡಾಲರಿಗೆ ಕಾಗದದ ಫ್ರಾಕ್ ಕೊಟ್ಟಿತು. ವರ್ಷದೊಳಗೆ ಸುಮಾರು 5 ಲಕ್ಷ ಹೋದವು. ಬೇಗ ಹರಿಯುತ್ತಿತ್ತು, ಬೆಂಕಿಯ ಭಯವಿತ್ತು. ಕೆಲವೇ ವರ್ಷಗಳಲ್ಲಿ ಶೋಕಿ ಮುಗಿಯಿತು.

ಆಸ್ಪತ್ರೆಯಲ್ಲಿ ಮಾತ್ರ ಅಂಥ ಉಡುಪು ಉಳಿದಿದೆ. ಕ್ಯಾನ್ಸರ್ ಔಷಧಿ ಬೆರೆಸುವಾಗ ನಾವು ತೊಡುವ ಗೌನ್ ನೋಡಲು ಕಾಗದ, ಅಸಲಿಗೆ ಪ್ಲಾಸ್ಟಿಕ್. ನಮ್ಮಲ್ಲಿ ಕೆಲವರು ‘ಇನ್ನೂ ಚೆನ್ನಾಗಿದೆಯಲ್ಲ’ ಎಂದು ಅದನ್ನೇ ಮಡಚಿಟ್ಟು ಮರುದಿನ ತೊಡುತ್ತಾರೆ. ಹೊರಮೈಗೆ ಅಂಟಿದ ಔಷಧಿ, ರೋಗಾಣು ಕೈಗೆ ಬರುತ್ತದೆ. ಇಲ್ಲಿ ಉಳಿತಾಯ ಬೇಡ. ಹೊಸದು ಕೇಳಿ ಪಡೆಯಿರಿ. ಊರಲ್ಲಿ ನಮಗಾಗಿ ಕಾಯುವವರಿದ್ದಾರೆ.