ಗದಗಿನ ಹುಡುಗ, ಕಾಶ್ಮೀರದ ಗುರು!

ಹುಮನಾಬಾದಿನಿಂದ ಕಲಬುರಗಿಗೆ ದಿನಾ ಬಸ್ಸಿನಲ್ಲಿ ಜೋತಾಡುವವರನ್ನು ಕೇಳಿ ನೋಡಿ, ದಾರಿ ಸುಮಾರು 60 ಕಿಲೋಮೀಟರ್ ಅನ್ನುತ್ತಾರೆ. ಬಸವಕಲ್ಯಾಣದವರಿಗೆ ಮೇಲೊಂದು 25-30 ಸೇರಿಸಬೇಕು. ಗದಗಿನಿಂದ ಹುಬ್ಬಳ್ಳಿಗೂ ಹೆಚ್ಚುಕಡಿಮೆ ಅಷ್ಟೇ 60. ಆ ದಾರಿಯಲ್ಲಿ ನಸುಕಿನಲ್ಲೇ ಹೋಗಿ, ಕ್ರಿಕೆಟ್ ಪ್ರಾಕ್ಟೀಸ್ ಮುಗಿಸಿ, ಸಾಲಿ ಗಂಟೆ ಹೊಡೆಯೋದರೊಳಗೆ ಊರಿಗೆ ಮರಳುತ್ತಿದ್ದ ಹುಡುಗನೊಬ್ಬನಿದ್ದ. ಆತನೇ ಸುನಿಲ್ ಜೋಶಿ.

ಎಡಗೈ ಸ್ಪಿನ್ನರ್. 1995-96ರ ರಣಜಿಯಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ಆ ಸಲ ಕಪ್ ಕರ್ನಾಟಕಕ್ಕೇ ಬಂತು. 1996ರಲ್ಲಿ ಇಂಗ್ಲೆಂಡಿನಲ್ಲಿ ಟೆಸ್ಟ್ ಪ್ರವೇಶ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, ಬರೇ 6 ರನ್, 5 ವಿಕೆಟ್! ನಮ್ಮ ಕಿರಾಣಿ ಸಾಹುಕಾರರೂ ಇಷ್ಟು ಬಿಗಿಯಾಗಿ ತಕ್ಕಡಿ ಹಿಡಿಯಲಿಕ್ಕಿಲ್ಲ. 2000ದಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ಆಡಿದ ಮೊಟ್ಟಮೊದಲ ಟೆಸ್ಟಿನಲ್ಲಿ 92 ರನ್, 8 ವಿಕೆಟ್, ಪಂದ್ಯಶ್ರೇಷ್ಠ ಬಹುಮಾನ. ಆದರೂ 15 ಟೆಸ್ಟಿಗೇ ಬಾಗಿಲು ಮುಚ್ಚಿತು.

ಅಮೆರಿಕಾದಲ್ಲಿ ಬೇಸ್‌ಬಾಲ್ ಆಡಿ ಬಿಟ್ಟವರು ಕಾಲೇಜು ಹುಡುಗರಿಗೆ ಕೋಚ್ ಆಗುವುದುಂಟು. ಜೋಶಿಯವರೂ ಹಿಡಿದದ್ದು ಕೋಚ್ ಕೆಲಸವನ್ನೇ. ಮೊದಲು ಹೈದರಾಬಾದ್, ಆಮೇಲೆ ಯಾರೂ ಲೆಕ್ಕಕ್ಕಿಡದ ಜಮ್ಮು-ಕಾಶ್ಮೀರ. 2014ರ ಸೆಪ್ಟೆಂಬರಿನ ನೆರೆಗೆ ಶ್ರೀನಗರದ ಕ್ರಿಕೆಟ್ ಮೈದಾನವೇ ಮುಳುಗಿತ್ತು. ಪ್ರಾಕ್ಟೀಸಿಗೇ ಜಾಗವಿಲ್ಲದ ಹುಡುಗರು! ಅದೇ ಹುಡುಗರು ಡಿಸೆಂಬರಿನಲ್ಲಿ ವಾಂಖೆಡೆಗೆ ಹೋಗಿ, 40 ಸಲ ರಣಜಿ ಗೆದ್ದ ಮುಂಬಯಿಯನ್ನು ಅದರ ಮನೆಯಂಗಳದಲ್ಲೇ 4 ವಿಕೆಟ್‌ಗಳಿಂದ ಮಣ್ಣು ಮುಕ್ಕಿಸಿದರು. ಭಲೇ ಎನ್ನಬೇಕು!

2016ರ ಟಿ-20 ವಿಶ್ವಕಪ್ಪಿಗೆ ಓಮನ್ ಬೌಲರುಗಳನ್ನು ತಯಾರು ಮಾಡಿದ್ದೂ ಇವರೇ. 2017ರಿಂದ 2019ರ ತನಕ ಸ್ಪಿನ್ ಹೇಳಿಕೊಟ್ಟದ್ದು ಯಾರಿಗೆ ಗೊತ್ತೇ? ಢಾಕಾದಲ್ಲಿ ತಾವೇ ಸೋಲಿಸಿದ್ದ ಬಾಂಗ್ಲಾದೇಶಕ್ಕೆ. 2020ರಲ್ಲಿ ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷಗಿರಿಯೂ ಬಂತು.

ಇತ್ತ ನಮ್ಮ ಕಡೆ ಆಟಕ್ಕೇನೂ ಬರ ಇಲ್ಲ. ಭಾನುವಾರ ಬಂದರೆ ಖಾಲಿ ಜಾಗದಲ್ಲೆಲ್ಲ ಟೆನಿಸ್ ಬಾಲ್ ಹಾರುತ್ತಿರುತ್ತದೆ. ಆದರೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಲೆಕ್ಕದಲ್ಲಿ ಬೀದರ್ ಜಿಲ್ಲೆ ಸೇರುವುದು ರಾಯಚೂರು ವಲಯಕ್ಕೆ. ರಾಯಚೂರು ಇಲ್ಲಿಂದ 200 ಕಿಲೋಮೀಟರಿಗೂ ಆಚೆ. ಪಿಯುಸಿಗೆ ಬರುತ್ತಲೇ "ಸಾಕಪ್ಪ ಆಟ, ಓದು ನೋಡು" ಎಂದು ಮನೆಯವರು ಬ್ಯಾಟನ್ನು ಅಟ್ಟಕ್ಕೇರಿಸುತ್ತಾರೆ. ಅವರದೂ ತಪ್ಪಲ್ಲ, ದಿನಾ ಹೋಗಿಬರುವ ಖರ್ಚು ಯಾರು ಕೊಡಬೇಕು?

ಬೀದರ್-ಕಲಬುರಗಿ ರೈಲು 2017ರಲ್ಲಿ ಓಡಲು ಸುರುವಾಗಿ ಹುಮನಾಬಾದಿಗೊಂದು ಸ್ಟೇಷನ್ ಸಿಕ್ಕಿತು. ಬಸವಕಲ್ಯಾಣದ ಹುಡುಗರು ಅಲ್ಲಿಯ ತನಕ ಬಸ್ಸನ್ನೇ ನಂಬಬೇಕು. ಕಿಟ್ ಚೀಲ ಹೆಗಲಿಗೆ ಹಾಕಿಕೊಂಡು ನಸುಕಿನ ಬಸ್ ಹತ್ತುವ ಪೋರನಿಗೆ ಕಂಡಕ್ಟರ್ ಸಾಹೇಬರು ಕೊಂಚ ಜಾಗ ಮಾಡಿಕೊಡಲಿ.