ಕಲ್ನಾರು: ಆಂಫಿಬೋಲ್ ಖನಿಜಗಳ ಒಳರಚನೆ

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂಬ ಸೊಗಸಾದ ಪದವಿದೆ. ಕಲ್ಲೂ ಹೌದು, ನಾರೂ ಹೌದು. ಆದರೆ ಇದು ಯಾವುದೋ ಒಂದು ಖನಿಜದ ಹೆಸರಲ್ಲ. ಹಲವು ದೇಶಗಳ ಕಾನೂನು ಆರು ಖನಿಜಗಳನ್ನು ಈ ಹೆಸರಿನಡಿ ಗುರುತಿಸುತ್ತದೆ. ನಮ್ಮ ಚಾವಣಿಯ ಶೀಟುಗಳಲ್ಲಿ ಸಿಮೆಂಟಿನೊಡನೆ ಬೆರೆಯುವ ಬಿಳಿಯ ಕ್ರೈಸೊಟೈಲ್ ಸರ್ಪೆಂಟೈನ್ ಕುಲದ್ದು. ನೀಲಿ ಬಣ್ಣದ ಕ್ರೊಸಿಡೊಲೈಟ್, ಕಂದು ಬಣ್ಣದ ಅಮೊಸೈಟ್, ಟ್ರೆಮೊಲೈಟ್, ಆಕ್ಟಿನೊಲೈಟ್, ಆಂಥೊಫಿಲೈಟ್ ಎಂಬ ಉಳಿದ ಐದೂ ಆಂಫಿಬೋಲ್ ಕುಲದವು. ಗ್ರೀಕ್ ಮೂಲದ ಈ ಹೆಸರಿಗೆ 'ಸಂದಿಗ್ಧ' ಎಂದರ್ಥ.

ಒಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ ಪರಮಾಣುಗಳು ನಿಂತರೆ ಒಂದು ಚತುರ್ಮುಖಿಯಾಗುತ್ತದೆ. ಕ್ರೈಸೊಟೈಲ್‌ನಲ್ಲಿ ಇಂತಹ ಚತುರ್ಮುಖಿಗಳು ಹಾಳೆಯಾಗಿ ಹರಡಿ, ಆ ಹಾಳೆ ಚಾಪೆಯಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಆಂಫಿಬೋಲ್‌ಗಳಲ್ಲಿ ಅವು ಸಾಲಾಗಿ ಕೊಂಡಿ ಹಾಕಿಕೊಂಡು, ಎರಡು ಸಾಲುಗಳು ಪಕ್ಕಪಕ್ಕ ಬೆಸೆದು ಜೋಡಿ ಸರಪಳಿಯಾಗುತ್ತವೆ. ಸರಪಳಿಯ ಉದ್ದಕ್ಕೆ ಬಂಧ ಬಲವಾದುದು, ಸರಪಳಿಗಳ ನಡುವೆ ದುರ್ಬಲ. ಆದುದರಿಂದಲೇ ಈ ಹರಳುಗಳು ಉದ್ದುದ್ದವಾಗಿ ಸೀಳುತ್ತವೆ. ಹಾಗೆಂದು ಎಲ್ಲ ಆಂಫಿಬೋಲ್‌ಗಳೂ ನಾರಲ್ಲ. ಅದೇ ಟ್ರೆಮೊಲೈಟ್ ಒಂದೆಡೆ ದಪ್ಪ ಹರಳಾಗಿಯೂ ಇನ್ನೊಂದೆಡೆ ಸೂಕ್ಷ್ಮ ಎಳೆಯಾಗಿಯೂ ಬೆಳೆಯಬಲ್ಲದು.

ಇನ್ನು ರಾಸಾಯನಿಕ ಸಂಯೋಜನೆ. ಬ್ಯಾಂಕಿನಲ್ಲಿ ಜಮೆ-ಖರ್ಚು ನೋಡಿ ತಲೆ ನರೆತ ನನ್ನಂತಹವನಿಗೆ ಇದು ಪರಿಚಿತ ಲೆಕ್ಕವಾಗಿಯೇ ಕಂಡಿತು. ಇಲ್ಲಿಯೂ ಧನ ಮತ್ತು ಋಣ ವಿದ್ಯುದಂಶಗಳು ಸರಿದೂಗಬೇಕು. ಈ ಖನಿಜಗಳ ಒಂದು ಸೂತ್ರಘಟಕದಲ್ಲಿ 8 ಸಿಲಿಕಾನ್, 22 ಆಮ್ಲಜನಕ, 2 ಹೈಡ್ರಾಕ್ಸಿಲ್ ಇರುತ್ತವೆ. ಋಣ 46, ಸಿಲಿಕಾನ್ ತರುವ ಧನ 32. ಉಳಿದ 14ನ್ನು ಸರಪಳಿಗಳ ನಡುವಿನ ಲೋಹಗಳು ತುಂಬಬೇಕು. ಟ್ರೆಮೊಲೈಟ್‌ನಲ್ಲಿ 2 ಕ್ಯಾಲ್ಸಿಯಂ ಮತ್ತು 5 ಮೆಗ್ನೀಸಿಯಂ ಆ ಕೆಲಸ ಮಾಡುತ್ತವೆ. ಕ್ರೊಸಿಡೊಲೈಟ್‌ನಲ್ಲಿ 2 ಸೋಡಿಯಂ ಮತ್ತು ಎರಡು ಬಗೆಯ 5 ಕಬ್ಬಿಣ. ಟ್ರೆಮೊಲೈಟ್‌ನ ಒಂದು ಕ್ಯಾಲ್ಸಿಯಂ ಬದಲು ಸೋಡಿಯಂ ಬಂದು, ಆದ ಕೊರತೆಯನ್ನು ಒಂದು ಮೆಗ್ನೀಸಿಯಂ ಜಾಗದಲ್ಲಿ ಅಲ್ಯೂಮಿನಿಯಂ ಕುಳಿತು ತುಂಬಿದರೆ ಅದು ವಿಂಚೈಟ್. ಮಧ್ಯಪ್ರದೇಶದ ಝಾಬುವಾ ಜಿಲ್ಲೆಯ ಕಾಜಲಿಡೋಂಗ್ರಿ ಮ್ಯಾಂಗನೀಸ್ ಗಣಿಯಲ್ಲಿ ಮೊದಲು ದೊರೆತ ಖನಿಜವಿದು. ಪರಮಾಣುಗಳು ಬದಲಾದವು, ಹೆಸರು ಬದಲಾಯಿತು. ಜೋಡಿ ಸರಪಳಿ ಮಾತ್ರ ಹಾಗೆಯೇ ಉಳಿಯಿತು.

ಈ ಹೆಸರಿನ ಸೂಕ್ಷ್ಮ ವಿದ್ವಾಂಸರಿಗಷ್ಟೇ ಸೇರಿದ್ದಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ಲಿಬ್ಬಿ ಎಂಬ ಊರಿನಲ್ಲಿ 1990ರವರೆಗೆ ವರ್ಮಿಕ್ಯುಲೈಟ್ ಗಣಿಯೊಂದು ನಡೆದಿತ್ತು. ಅದಿರಿನ ಜೊತೆಗೇ ಆಂಫಿಬೋಲ್ ನಾರೂ ಬರುತ್ತಿತ್ತು. ಪರೀಕ್ಷಿಸಿದಾಗ ಆ ನಾರಿನಲ್ಲಿ ನೂರಕ್ಕೆ ಸುಮಾರು 84 ಪಾಲು ವಿಂಚೈಟ್, 11 ಪಾಲು ರಿಕ್ಟರೈಟ್ ಕಂಡವು. ಕಾನೂನಿನ ಪಟ್ಟಿಯಲ್ಲಿದ್ದ ಟ್ರೆಮೊಲೈಟ್ ಕೇವಲ 6 ಪಾಲು. ಆದರೆ ಶ್ವಾಸಕೋಶವು ಪಟ್ಟಿ ನೋಡುವುದಿಲ್ಲ. ಅಲ್ಲಿ ಕ್ರೈಸೊಟೈಲ್ ಎಳೆ ಬೇಗ ಕರಗಿ ತುಂಡಾಗುತ್ತದೆ (ಅದೂ ಕ್ಯಾನ್ಸರ್‌ಕಾರಕವೇ ಎಂಬುದನ್ನು ಶೀಟಿನ ಕೆಳಗೆ ವಾಸಿಸುವ ನಾವು ಮರೆಯಬಾರದು). ಆಂಫಿಬೋಲ್ ಎಳೆಗಳು ದಶಕಗಳ ಕಾಲ ಉಳಿಯುತ್ತವೆ. ಲಿಬ್ಬಿಯಲ್ಲಿ ಗಣಿ ಕಾರ್ಮಿಕರಷ್ಟೇ ಅಲ್ಲ, ಅವರ ಬಟ್ಟೆ ಒಗೆದ ಮನೆಯವರೂ ರೋಗಕ್ಕೆ ತುತ್ತಾದರು. 2009ರಲ್ಲಿ ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆ ಆ ಊರಿನಲ್ಲಿ ಸಾರ್ವಜನಿಕ ಆರೋಗ್ಯದ ತುರ್ತುಪರಿಸ್ಥಿತಿಯನ್ನು ಘೋಷಿಸಿತು. ಗಣಿ ಮುಚ್ಚಿ ಆಗಲೇ 19 ವರ್ಷಗಳಾಗಿದ್ದವು.